ಟ್ರಾಲಿಯಿಂದ ಚೀಲ ಇಳಿಸುವ ರತ್ನಮಾಲಾ

ಬಸವಕಲ್ಯಾಣದ ಹತ್ತಿರದ ಮೋರಖಂಡಿ ಊರಲ್ಲಿ ಇನ್ನೂ ಮಬ್ಬುಗತ್ತಲು. ಹೊಲದ ಬದುವಿನಲ್ಲಿ ನಿಂತ ಹಳೆಯ ಜೀಪಿನ ಹಿಂದೆ, ಬಾಡಿಗೆಗೆ ಮಾಲು ಸಾಗಿಸುವ ರತ್ನಮಾಲಾ ಬಗ್ಗಿದ್ದಾರೆ. ಟ್ರಾಲಿಯ ಕೊಂಡಿ ಅಲುಗಾಡಿಸಿ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ. ಆಮೇಲೆ ಹೇರಿದ ತೊಗರಿ ಚೀಲಗಳತ್ತ ಕೈ ತೋರಿಸುತ್ತಾರೆ: “ಮ್ಯಾಲಿನ ಸಾಲು ಇಳಸ್ರಿ.”

ತೊಗರಿಯ ಒಡೆಯ ಸೂರ್ಯಕಾಂತ ಅವರಿಗೆ ಪಿತ್ತ ನೆತ್ತಿಗೇರುತ್ತದೆ. “ಎಲ್ಲಾ ಒಂದೇ ಖೇಪಿಗೆ, ಒಂದೇ ಸಲಕ್ಕ ಒಯ್ಯಬೇಕು. ಆಗಂಗಿಲ್ಲಂದ್ರ ನಾಳಿಂದ ಬ್ಯಾರೆ ಗಾಡಿ ನೋಡ್ಕೋತೀನಿ!” ಊರಲ್ಲಿ ಹೆಚ್ಚು ತೊಗರಿ ಬೆಳೆಯುವವರು ಅವರೇ. ಅವರು ಕೈಬಿಟ್ಟರೆ ಉಳಿದವರೂ ಬಿಡುತ್ತಾರೆ, ರತ್ನಮಾಲಾ ಮತ್ತೆ ಕೂಲಿಗೆ ಹೋಗಬೇಕಾಗುತ್ತದೆ.

“ಕಾಕಾ, ಇದು ಟ್ರ್ಯಾಕ್ಟರ್ ಅಲ್ರಿ, ಮಂದಿ ಕುಂದ್ರೋ ಜೀಪು. ಎಳೀತದ ಖರೆ, ಬ್ರೇಕ್ ಒತ್ತಿದ್ರ ನಿಲ್ಲಬೇಕಲ್ರಿ?”

ಇಂಥ ಗಾಡಿ ಎಷ್ಟು ಎಳೆಯಬಹುದೆಂಬ ಮಿತಿಯನ್ನು ರತ್ನಮಾಲಾಗೆ ತಿಳಿಸಿದವರು ಬಸವಕಲ್ಯಾಣದ ಮೆಕ್ಯಾನಿಕ್ ಅಜರ್. ಆ ಮಿತಿಯಲ್ಲಿ ಖಾಲಿ ಟ್ರಾಲಿಯ ತೂಕವೂ ಸೇರುತ್ತದೆ. ಎಲ್ಲರೂ ಮರೆಯುವುದು ಇದನ್ನೇ. ಜೀಪಿನಲ್ಲಿ ಕೂತವರ ಭಾರವನ್ನೂ ರತ್ನಮಾಲಾ ಬಿಡುವುದಿಲ್ಲ. ಮೇಲಿನ ಸಾಲು ಇಳಿದ ಮೇಲೆ, ಇವರ ಕೆಲಸ ನೋಡಲು ಬಂದ ನಾನು ಜೀಪು ಹತ್ತಲು ಹೋದರೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. “ನೀವು ಬರ್ತೀರಂದ್ರ ಇನ್ನೊಂದು ಚೀಲ ಇಳೀಬೇಕ್ರಿ.” ಚೀಲ ಇಳಿಯುತ್ತದೆ. ಸೂರ್ಯಕಾಂತ ದಾರಿಯುದ್ದಕ್ಕೂ ನನ್ನ ಹೊಟ್ಟೆಯನ್ನೇ ದುರುಗುಟ್ಟಿ ನೋಡುತ್ತಾರೆ.

ಈ ಹಟ ಪೆಟ್ಟು ತಿಂದು ಕಲಿತದ್ದು. “ಹೊಸದಾಗಿ ಗಾಡಿ ಹಿಡಿದಾಗ ಜೀಪಿಗೆ ಭಾರ ಆಗಬಾರದಂತ ಚೀಲೆಲ್ಲಾ ಟ್ರಾಲಿ ಹಿಂಬದಿಗೆ ಹೇರಿದ್ದೆ. ಇಳಿಜಾರಿನಾಗ ಟ್ರಾಲಿ ಅತ್ಲಾಗ ಇತ್ಲಾಗ ಬಾಲ ಆಡಸಾಕ ಹತ್ತಿತು. ಜೀಪು ಸಮೇತ ತಗ್ಗಿಗಿ ಬಿದ್ದೆ” ಎಂದು ನಗುತ್ತಾರೆ. ಈಗ ಭಾರವೆಲ್ಲ ಗಾಲಿಗಳ ಮೇಲೆ, ತುಸು ಕೊಂಡಿಯ ಕಡೆಗೆ. ಚೀಲಗಳ ಮೇಲೆ ಯಾರೂ ಕೂರುವಂತಿಲ್ಲ.

ಮಾರುಕಟ್ಟೆಯ ದಾರಿಯಲ್ಲಿ ಹುಮನಾಬಾದ್ ಸಮೀಪದ ಇಳಿಜಾರು. ಎಮ್ಮೆಯೊಂದು ಏಕಾಏಕಿ ರಸ್ತೆಗೆ ನುಗ್ಗುತ್ತದೆ. ಅದರ ಹಿಂದೆಯೇ ಓಡಿಬಂದ ಅಜ್ಜಿ ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುತ್ತಾರೆ. ಸೂರ್ಯಕಾಂತ ಕಣ್ಣು ಮುಚ್ಚುತ್ತಾರೆ. ರತ್ನಮಾಲಾ ಬ್ರೇಕ್ ಒತ್ತುತ್ತಾರೆ. ಟ್ರಾಲಿ ಬಾಲ ಆಡಿಸುವುದಿಲ್ಲ, ಜೀಪನ್ನು ಮುಂದಕ್ಕೆ ನೂಕುವುದೂ ಇಲ್ಲ. ಅಜ್ಜಿಯಿಂದ ಒಂದು ಮಾರು ದೂರದಲ್ಲಿ ಗಾಡಿ ನಿಲ್ಲುತ್ತದೆ!

ಅಜ್ಜಿ ಸುಮ್ಮನಿರುತ್ತಾರೆಯೇ? “ಕಣ್ಣು ಕಾಣಸಂಗಿಲ್ಲೇನ ನಿನಗ?” ಎಂದು ಬೈದು ಎಮ್ಮೆ ಹೊಡೆದುಕೊಂಡು ಹೋಗುತ್ತಾರೆ. ಬೈಗುಳ ಕೇಳಿ ಇಷ್ಟು ಖುಷಿಯಾದದ್ದು ನನಗೆ ಇದೇ ಮೊದಲು.

ಮಾರುಕಟ್ಟೆ ಮುಟ್ಟಿ ಚೀಲ ಇಳಿಸಿ ಊರಿಗೆ ಮರಳುತ್ತೇವೆ. ಎರಡನೇ ಖೇಪು ಹೇರುವಾಗ ಸೂರ್ಯಕಾಂತ ಅವರ ಮಗ ಸಂತೋಷಕುಮಾರ ಒಂದು ಚೀಲ ಹೆಚ್ಚಿಗೆ ಎತ್ತುತ್ತಾನೆ.

“ಏ, ಇಳಸು!” ಸೂರ್ಯಕಾಂತ ಗುಡುಗುತ್ತಾರೆ. “ಆಕಿ ಸಾಕಂದ್ರ ಸಾಕು. ಈ ಸುಗ್ಗೀದು ಎಲ್ಲಾ ಖೇಪು ಆಕೀದೇ.”

ಅಲ್ಲಿದ್ದವರೆಲ್ಲ ರತ್ನಮಾಲಾ ಕಡೆ ತಿರುಗುತ್ತಾರೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ. ಕೊಂಡಿ ಬಿಗಿಯುತ್ತ ಅವರು ನಗುತ್ತಾರೆ.

“ಆ ಎಮ್ಮೀ ಆಯಿ ನಾಳಿಗೂ ಗಟ್ಟಿ ಇದ್ದು ಹಾಂಗೇ ಬೈಬೇಕ್ರಿ ನನಗ.”