ಮಾರಿದ ಕಾರಿನ ಟೈಮಿಂಗ್ ಬೆಲ್ಟ್

ಗೆಳೆಯರೇ, ಇವತ್ತು ಬೆಳಿಗ್ಗೆ ಶರಾವತಿ ಸೇತುವೆಯ ಮೇಲೆ ತಲೆ ತಗ್ಗಿಸಿ ನಿಂತು ಬಂದೆ.

ನಾನು ಪಾಠ ಮಾಡುವ ಶಾಲೆಯ ಗುಮಾಸ್ತ, ಮುಟ್ಟಳ್ಳಿಯ ಗಣಪತಿಗೆ ಎರಡು ತಿಂಗಳ ಹಿಂದೆ ನನ್ನ ಹಳೆ ಕಾರು ಮಾರಿದ್ದೆ. ಇವತ್ತು ಅವನು ತಾಯಿಯನ್ನು ಕಣ್ಣಿನ ಆಪರೇಷನ್ನಿಗೆಂದು ಕುಮಟೆಗೆ ಕರೆದೊಯ್ಯುವಾಗ ಅದು ಸೇತುವೆಯ ನಡುವೆ ನಿಂತುಬಿಟ್ಟಿತು. ಹೊನ್ನಾವರದಲ್ಲೇ ಇರುವ ನನಗೆ ಫೋನ್ ಮಾಡಿದ. ಮೊದಲಿನಿಂದ ಆ ಕಾರು ನೋಡುತ್ತಿದ್ದ ಮೆಕ್ಯಾನಿಕ್‌ನನ್ನೇ ಕರೆದುಕೊಂಡು ಓಡಿದೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. "ಎಂಜಿನ್ನಿನ ಟೈಮಿಂಗ್ ಬೆಲ್ಟ್ ತುಂಡಾಗಿದೆ. ಒಳಗೆ ವಾಲ್ವೂ ಬಗ್ಗಿರ್ತದೆ. ಬೆಲ್ಟ್ ಬದಲಿಸ್ಬೇಕು ಅಂತ ಯಾರೂ ಹೇಳ್ಲಿಲ್ವಾ?" ಎಂದು ನನ್ನತ್ತ ನೋಡದೆಯೇ ಗಣಪತಿಯನ್ನು ಕೇಳಿದ.

"ಯಾರು ಹೇಳೂದು? ಮಾಸ್ತರ್ರಿಗೆ ಗೊತ್ತಿದ್ರೆ ಹೇಳ್ದೆ ಬಿಡ್ತಿದ್ರಾ?" ಎಂದ ಗಣಪತಿ.

ಬೆಲ್ಟ್ ಓಡಬೇಕಾದಷ್ಟು ಓಡಿದೆ, ಹರಿಯುವ ಮೊದಲು ಸದ್ದೂ ಮಾಡುವುದಿಲ್ಲ ಎಂದು ಮೆಕ್ಯಾನಿಕ್ ಹೋದ ವರ್ಷವೇ ನನಗೆ ಹೇಳಿದ್ದ. ನಾನು ಬೆಲ್ಟ್ ಬದಲಿಸಲಿಲ್ಲ, ಕಾರನ್ನೇ ಮಾರಿದೆ.

"ಗೊತ್ತಿತ್ತು ಗಣಪತಿ. ಹೇಳಿದ್ರೆ ನೀನು ತಗೊಳ್ಳೂದಿಲ್ಲ ಅಂತ ಹೇಳ್ಲಿಲ್ಲ. ರಿಪೇರಿ ನಾನೇ ಮಾಡಿಸಿ ಕೊಡ್ತೆ," ಎಂದೆ.

ಹಿಂದಿನ ಸೀಟಿನಲ್ಲಿದ್ದ ತಾಯಿ, "ಆತು, ಈಗ ನನ್ನ ಬಸ್ಸು ಹತ್ಸು. ಡಾಕ್ಟ್ರು ಕಾಯ್ತಾ ಇರ್ತ್ರು," ಎಂದರು.

ಬಸ್ಸು ಬಂತು. ಮೆಟ್ಟಿಲು ಹತ್ತಿಸಲು ಅವರ ಕೈ ಹಿಡಿಯಹೋದೆ. "ಬೇಡ ಮಾಸ್ತರ್ರೇ, ನಾನೇ ಹಿಡ್ಕಂತೆ," ಎಂದ ಗಣಪತಿ.

ಹಳೆ ಕಾರು ಕೊಳ್ಳುವವರು ಬೆಲ್ಟ್ ಯಾವಾಗ ಬದಲಿಸಿದ್ದೆಂದು ಮೆಕ್ಯಾನಿಕ್‌ನನ್ನು ಕೇಳಿ. ಮಾರುವವನು ಮಾಸ್ತರ ಎಂಬ ಕಾರಣಕ್ಕೆ ನಂಬಬೇಡಿ.