ಕೆಡುವ ಮೊದಲೇ ಕರೆಯಿರಿ ಎನ್ನುವ ತಮ್ಮಯ್ಯ

ಧನುರ್ಮಾಸ. ಹೊರಗಿನ್ನೂ ಕತ್ತಲೆ. ಚೆನ್ನೈಯ ವೆಸ್ಟ್ ಮಾಂಬಲದ ಹಳೆಯ ಮನೆಯೊಂದರ ಬಚ್ಚಲಿನಲ್ಲಿ ತಮ್ಮಯ್ಯ ಸ್ಟೂಲಿನ ಮೇಲೆ ನಿಂತು ಗೀಸರಿನ ತಳದ ಮುಚ್ಚಳ ಬಿಚ್ಚುತ್ತಿದ್ದಾರೆ. ಹಣೆಗೊಂದು ಟಾರ್ಚು, ಹೆಗಲ ಮೇಲೆ ಮಾಸಿದ ಟವೆಲ್ಲು, ಕೆಳಗೆ ಬಕೆಟ್ಟು. ಬಾಗಿಲಾಚೆ ಒಂದು ಮಾರು ದೂರದಲ್ಲಿ ಮನೆಯೊಡತಿ ಜಯಲಕ್ಷ್ಮೀ ಕಾಯುತ್ತಿದ್ದಾರೆ. ಎಪ್ಪತ್ತು ದಾಟಿದವರು. ಸೂರ್ಯ ಹುಟ್ಟುವುದರೊಳಗೆ ಸ್ನಾನ ಮುಗಿಸಿ, ಮಡಿಯುಟ್ಟು, ದೇವರಿಗೆ ಹುಗ್ಗಿಯ ನೈವೇದ್ಯ ಮಾಡಬೇಕು. ಆದರೆ ಗೀಸರಿನ ಸ್ವಿಚ್ ಹಾಕಿದರೆ ಸಾಕು, ಇಡೀ ಮನೆಯ ಕರೆಂಟು ಹೋಗುತ್ತಿದೆ.

“ಇನ್ನೂ ಎಷ್ಟು ಹೊತ್ತಪ್ಪಾ? ಸೀಕ್ರಂ ಮುಗಿಸು.”

“ಕಾಯಿಲ್ ಸುಟ್ಟೋಗದೆ ಅಮ್ಮಾವ್ರೆ, ಬದಲಾಯಿಸ್ತೀನಿ. ಅದು ಸರಿ, ಈ ವಾಲ್ವಿನ ಬಾಯಿಗೆ ಎಂ-ಸೀಲ್ ಮೆತ್ತಿರೋರು ಯಾರು?”

ನೀರು ಕಾದು ಹಿಗ್ಗಿದಾಗ ಒತ್ತಡ ಹೊರಗೆ ಹೋಗಲೆಂದು ಟ್ಯಾಂಕಿನ ತಳದಲ್ಲಿ ಒಂದು ಪುಟ್ಟ ಸೇಫ್ಟಿ ವಾಲ್ವ್ ಇರುತ್ತದೆ. ಗೀಸರ್ ಕಾಯುವಾಗ ಅದರಿಂದ ತೊಟ್ಟಿಕ್ಕುವುದು ಸಹಜ. ಈ ಮನೆಯಲ್ಲಿ ಅದರ ಕೆಳಗೇ ಗೋಡೆಯಿಂದ ಗೋಡೆಗೆ ಮಡಿಬಟ್ಟೆಯ ಗಳ ಇದೆ. ರಾತ್ರಿ ಒಣಹಾಕಿದ ಮಡಿ ಸೀರೆಯ ಮೇಲೆ ಬೆಳಿಗ್ಗೆ ಗೀಸರಿನ ನೀರು. ಮಡಿ ಹೋಯಿತು, ಮತ್ತೆ ಹಿಂಡಬೇಕು. ಎಷ್ಟು ದಿನ ಸಹಿಸುವುದು? ಯಾರೋ ಪ್ಲಂಬರನ್ನು ಕರೆದು ಜಯಲಕ್ಷ್ಮೀ ಆ ಬಾಯಿಯನ್ನೇ ಮುಚ್ಚಿಸಿಬಿಟ್ಟಿದ್ದಾರೆ.

ತಮ್ಮಯ್ಯನವರಿಗೆ ಇದು ಕುಕ್ಕರಿನ ವಿಷಲ್ಲನ್ನು ಅಮುಕಿ ಹಿಡಿದು ಒಲೆ ಉರಿಸಿದ ಹಾಗೆ. ಕಾವು ಮಿತಿ ಮೀರಿದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಒಂದು ದಿನ ಕೈಕೊಟ್ಟರೆ ಟ್ಯಾಂಕು ಸಿಡಿಯುತ್ತದೆ. ಚೀಲದಲ್ಲಿದ್ದ ಕೊನೆಯ ವಾಲ್ವು ಹಿಂದಿನ ಸಂಜೆಯೇ ಖರ್ಚಾಗಿದೆ. ಅಂಗಡಿ ತೆರೆಯುವುದು ಹತ್ತಕ್ಕೆ.

“ಇವತ್ತೊಂದಿನ ಹಾಗೇ ಬಿಡು. ಅಪ್ಪುರಂ, ನಾಳೆ ಬಂದು ಮಾಡು.”

“ಆಗಾಕಿಲ್ಲ ಅಮ್ಮಾವ್ರೆ.”

“ಇಷ್ಟು ದಿನ ಏನೂ ಆಗ್ಲಿಲ್ಲ. ಇವತ್ತೇ ಆಗತ್ತಾ?”

“ಯಾವತ್ತು ಆಯ್ತದೆ ಅಂತ ಗೊತ್ತಿದ್ರೆ ಅವತ್ತೊಂದಿನ ಮಾತ್ರ ಆಫ್ ಮಾಡಿ ಅಂತಿದ್ದೆ.”

ಒಳಗಿನಿಂದ ಮೊಮ್ಮಗಳು ಅಕ್ಷಯಾ ತಮಿಳಿನಲ್ಲೇ ರಾಗವೆಳೆಯುತ್ತಾಳೆ: “ಪಾಟೀ, ಅವರ್ ಸೊಲ್ರದ ಕೇಳು.” ಅವರು ಹೇಳುವುದನ್ನು ಅಜ್ಜಿ ಕೇಳುವುದಿಲ್ಲ. ತಮ್ಮಯ್ಯ ಹೊಸ ಕಾಯಿಲ್ ಕೂರಿಸುತ್ತಾರೆ. ಆದರೆ ಸ್ವಿಚ್ ಹಾಕಿದರೂ ಕಾಯದಂತೆ ವೈರು ಕಳಚಿ, ತುದಿಗೆ ಟೇಪು ಸುತ್ತಿ ಸ್ಟೂಲಿನಿಂದ ಇಳಿಯುತ್ತಾರೆ. ಜಯಲಕ್ಷ್ಮೀ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ತಣ್ಣೀರು ಸುರಿದುಕೊಳ್ಳುತ್ತಾರೆ. ಮೊದಲ ತಂಬಿಗೆಯ ಸದ್ದಿಗೆ ಹೊರಗೆ ನಿಂತ ತಮ್ಮಯ್ಯನವರ ಮೈ ಜುಮ್ಮೆನ್ನುತ್ತದೆ.

ತಮ್ಮಯ್ಯ ಮಳವಳ್ಳಿ ಕಡೆಯವರು. ಮಣಲಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ತೊಳೆಯುವ ಕಾಂಟ್ರಾಕ್ಟ್ ಕೂಲಿಯಾಗಿ ಮದರಾಸಿಗೆ ಬಂದರು. ಕಾಂಟ್ರಾಕ್ಟ್ ಮುಗಿದ ಹೊತ್ತಿಗೆ ಸೂಪರ್‌ವೈಸರೊಬ್ಬರು ತಮ್ಮ ಮನೆಯ ಗೀಸರ್ ತೋರಿಸಿದರು. “ಬಾಯ್ಲರಿನ ಮೊಮ್ಮಗು ಕಂಡಂಗಾಯ್ತು,” ಎಂದು ತಮ್ಮಯ್ಯ ನಗುತ್ತಾರೆ. ಅಂದಿನಿಂದ ಅದೇ ಕಸುಬು. ಮಾಧವರಂನ ಎರಡು ಕೋಣೆಯ ಮನೆಯಿಂದ ಹಾಲಿನ ಲಾರಿಗಳ ಜೊತೆಗೇ ಅವರ ಟಿವಿಎಸ್ಸೂ ಹೊರಡುತ್ತದೆ. ಬೋರ್‌ವೆಲ್ಲು, ಟ್ಯಾಂಕರ್ ಲಾರಿ ಎರಡರ ನೀರಿನಲ್ಲೂ ಉಪ್ಪು. ಕಾದ ನೀರು ಆ ಉಪ್ಪನ್ನು ಕಾಯಿಲಿನ ಸುತ್ತ ಸುಣ್ಣದ ಹಾಗೆ ಕಟ್ಟಿಸುತ್ತದೆ. ಅದನ್ನು ಕೆರೆಯಬೇಕು, ಆಸಿಡ್ ಹಾಕಿ ತೊಳೆಯಬೇಕು. ಕೈಬೆರಳ ಚರ್ಮ ಸುಲಿದು ಹೊಸದು ಬರುವಷ್ಟರಲ್ಲಿ ಮತ್ತೊಂದು ಟ್ಯಾಂಕು. ಸದಾ ತಲೆಯ ಮೇಲೆ ಕೈ ಎತ್ತಿ ದುಡಿದು ಬಲ ಹೆಗಲು ಹಿಡಿದುಕೊಂಡಿದೆ. “ಮನೇಲಿ ಅಟ್ಟದ ಮೇಲಿನ ಡಬ್ಬ ಇಳಿಸು ಅಂದ್ರೆ ಆಗಾಕಿಲ್ಲ ಅಂತಾರೆ, ಊರೋರ ಟ್ಯಾಂಕ್ ಇಳಿಸೋಕೆ ಆಯ್ತದೆ,” ಎನ್ನುವುದು ಹೆಂಡತಿ ಲೀಲಮ್ಮನ ದೂರು.

ಚೆನ್ನೈಯಲ್ಲಿ ಗೀಸರಿನ ಕಾಲ ಚಿಕ್ಕದು. ಧನುರ್ಮಾಸದಲ್ಲಿ ದಿನಕ್ಕೆ ಐದಾರು ಮನೆ, ಯುಗಾದಿ ಕಳೆದರೆ ವಾರಕ್ಕೊಂದೂ ಕಷ್ಟ. ಆ ಚಿಕ್ಕ ಕಾಲದಲ್ಲಿ ತಮ್ಮಯ್ಯನವರಿಗೆ ಅನ್ನ ಹಾಕುತ್ತಿದ್ದುದೇ ಜಯಲಕ್ಷ್ಮೀ ಇರುವ ಬೀದಿ. ಅಲ್ಲಿ ಅರ್ಧ ಮನೆಗಳವರು ಒಬ್ಬರಿಗೊಬ್ಬರು ನೆಂಟರು, ಉಳಿದವರು ಮಠದಲ್ಲಿ ಪರಿಚಯವಾದವರು. ಜಯಲಕ್ಷ್ಮೀ “ಕರೀಬಹುದು” ಎಂದರೆ ಬೀದಿಯೇ ಕರೆಯುತ್ತದೆ. ವೈರಿನ ತುದಿಗೆ ಟೇಪು ಸುತ್ತುವಾಗ ಇದು ತಮ್ಮಯ್ಯನವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಹತ್ತು ಗಂಟೆಯ ಮೇಲೆ ಹೊಸ ವಾಲ್ವ್ ತಂದು ಹಾಕಿದ್ದಾಯಿತು. ನೀರು ಕಾಯಿತು. ವಾಲ್ವ್ ತೊಟ್ಟಿಕ್ಕಿತು. ನೇರ ಗಳದ ಮೇಲೆ.

“ಇದನ್ನ ಸರಿ ಮಾಡಿದ್ದು ಅಂತೀಯಾ?” ಎಂದರು ಜಯಲಕ್ಷ್ಮೀ.

“ಸೇಫಾಗಿ ಅದೆ ಅಮ್ಮಾವ್ರೆ. ಸುಣ್ಣ ಕಟ್ಟಿದಂಗೆಲ್ಲ ತೊಟ್ಟಿಕ್ಕೋದು ಜಾಸ್ತಿ. ಕೆಟ್ಟ ಮೇಲೆ ಎಲ್ರೂ ಕರೀತೀರಿ. ಕೆಡದೆ ಇರುವಾಗ ಒಂದು ಸಲ ಕರೆದು ತೊಳೆಸಿದ್ರೆ ಈ ಪಾಡು ಇರಾಕಿಲ್ಲ.”

“ಆಯ್ತಪ್ಪಾ, ಹೊರಡು.”

ಆ ಧನುರ್ಮಾಸವಿಡೀ ಬೀದಿಯಿಂದ ಇನ್ನೊಂದು ಫೋನು ಬರಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು. ತಮ್ಮಯ್ಯ ಕೊಳತ್ತೂರಿನ ಕಡೆ ಹೊಸ ಮನೆಗಳನ್ನು ಹುಡುಕಿಕೊಂಡರು, ಫ್ಯಾನು ಮಿಕ್ಸಿ ರಿಪೇರಿ ಮಾಡಿದರು. “ವೈರ್ ಕಳಚಿ ಬಂದಿದ್ದಕ್ಕೆ ಬೇಜಾರಿಲ್ಲ,” ಎನ್ನುತ್ತಾರೆ ಈಗ. “ಆ ಸೀರೆ ಮೇಲೆ ಬೀಳೋ ನೀರಿಗೆ ದಾರಿ ಮಾಡದೆ ಬಂದ್ನಲ್ಲ, ಅದು ಕೊರೀತಿತ್ತು.”

ಏಪ್ರಿಲ್‌ನಲ್ಲಿ, ಗೀಸರಿನ ನೆನಪೇ ಯಾರಿಗೂ ಇಲ್ಲದ ಬಿಸಿಲಿನಲ್ಲಿ, ಫೋನು ಬರುತ್ತದೆ.

“ಏನಾಗದೆ ಅಮ್ಮಾವ್ರೆ?”

“ಏನೂ ಆಗಿಲ್ಲ. ಚೆನ್ನಾಗೇ ಇದೆ. ಬಾ.”

ಹೋಗಿ ನೋಡಿದರೆ ವಾಲ್ವಿನ ಬಾಯಿಗೆ ಒಂದು ತೆಳು ಪೈಪು. ಗೋಡೆಯುದ್ದಕ್ಕೂ ಓಡಿ, ವೆಂಟಿಲೇಟರ್ ದಾಟಿ, ಹೊರಗಿನ ಕರಿಬೇವಿನ ಕುಂಡಕ್ಕೆ ಇಳಿದಿದೆ. ಗಳದ ಮೇಲೆ ಮಡಿ ಸೀರೆ ಗರಿಗರಿಯಾಗಿ ಒಣಗಿದೆ.

“ಎಸಿ ನೀರಿಗೆ ಹಾಕೋ ಪೈಪು. ಎಸಿ ಮೆಕ್ಯಾನಿಕ್ ಬಂದಾಗ ಹಾಕಿಸ್ದೆ,” ಎನ್ನುತ್ತಾರೆ ಜಯಲಕ್ಷ್ಮೀ. “ನಿನಗೆ ತೋಚಲೇ ಇಲ್ವಲ್ಲೋ.”

“ಬಾಯಿ ಮುಚ್ಚಬ್ಯಾಡಿ ಅನ್ನೋದೊಂದೇ ತಲೇಲಿತ್ತು ಅಮ್ಮಾವ್ರೆ.”

“ನನಗಾ ಹೇಳಿದ್ದು?” ಎಂದು ಅವರು ಹುಬ್ಬು ಹಾರಿಸುತ್ತಾರೆ. ಒಳಗೆ ಅಕ್ಷಯಾ ಕಿಸಕ್ಕನೆ ನಗುತ್ತಾಳೆ.

ತಮ್ಮಯ್ಯ ಟ್ಯಾಂಕು ಖಾಲಿ ಮಾಡುತ್ತಾರೆ. ಬೇಸಿಗೆಯಲ್ಲಿ ಇದೊಂದು ತಮಾಷೆ: ಮಾಳಿಗೆಯ ಸಿಂಟೆಕ್ಸಿನಿಂದ ನಲ್ಲಿಗೆ ಬರುವುದು ಕುದಿನೀರು, ಆಫ್ ಮಾಡಿಟ್ಟ ಗೀಸರಿನೊಳಗಿರುವುದೇ ತಣ್ಣೀರು. ಬಕೆಟ್ಟಿಗೆ ಬಿಳಿಯ ಚಕ್ಕೆಗಳು ಬೀಳುತ್ತವೆ. ಜಯಲಕ್ಷ್ಮೀ ಬಗ್ಗಿ ನೋಡುತ್ತಾರೆ. ತಮ್ಮಯ್ಯ ಕಾಯಿಲ್ ಕೆರೆದು, ತೊಳೆದು, ಮುಚ್ಚಳ ಹಾಕುತ್ತಾರೆ. ಅವರಿಗೆ ಹಿಂದಿಂದ ಯಾರೂ ಅವಸರ ಮಾಡುತ್ತಿಲ್ಲ. ಕಾಫಿಯೂ ಬಂದಿದೆ.

ಚೀಲ ಎತ್ತಿಕೊಂಡಾಗ ಜಯಲಕ್ಷ್ಮೀ ಬಾಗಿಲಲ್ಲೇ ನಿಂತು ಹೇಳುತ್ತಾರೆ: “ಎದುರು ಮನೆ ವೃಂದಾಗೂ ಹೇಳಿದೀನಿ. ಮೂಲೆ ಮನೆಗೂ ಹೋಗು. ಅವರದ್ದೂ ಏನೂ ಕೆಟ್ಟಿಲ್ಲ. ಊಟದ ಹೊತ್ತಿಗೆ ಮುಗಿಯತ್ತಾ?”

ತಮ್ಮಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

“ನಿಧಾನಕ್ಕೆ ನೋಡ್ತೀನಿ ಬುಡಿ ಅಮ್ಮಾವ್ರೆ. ಕೆಟ್ಟಿಲ್ಲ ಅಂದ್ಮೇಲೆ ಆತುರ ಯಾಕೆ?”