ಅಮ್ಮ ಹಾಸಿಗೆ ಹಿಡಿದ ಆ ವಾರ

ನಿನ್ನೆ, ನಾವಿರುವ ತೆಲುಗು ಊರಿನ ದ್ವಾರಕಾ ನಗರ ಬಡಾವಣೆಯ ಆಸ್ಪತ್ರೆಯೊಂದರ ಗೋಡೆಯ ಮೇಲೆ, ಮಕ್ಕಳಾಗದಂತೆ ಗಂಡಸರೂ ಆಪರೇಷನ್ ಮಾಡಿಸಿಕೊಳ್ಳಬಹುದು ಎನ್ನುವ ತೆಲುಗು ಪೋಸ್ಟರ್ ಓದುತ್ತಿದ್ದೆ. ಪಕ್ಕದಲ್ಲಿದ್ದ ಅಮ್ಮ, "ನಿಮ್ಮಪ್ಪನೂ ಇದನ್ನ ಮಾಡಿಸ್ಕೊಂಡಾರ" ಎಂದಳು.

ಪೋಸ್ಟರ್ ಬಿಟ್ಟು ಅಮ್ಮನತ್ತ ತಿರುಗಿದೆ. ತಮ್ಮ ಹುಟ್ಟಿದ ಮೇಲೆ ಆ ಆಪರೇಷನ್ ಆದದ್ದು ಅಮ್ಮನಿಗೆ ಎಂದೇ ನಾನು ನಂಬಿದ್ದೆ. ಆಗ ಆರೈಕೆಗೆಂದು ಅಪ್ಪನ ತಾಯಿ ಧಾರವಾಡದಿಂದ ಬಂದಿದ್ದಳು. ಕಿವಿಗೆ ಹತ್ತಿ ಇಟ್ಟು, ಕಂಬಳಿ ಹೊದ್ದು ಮಲಗಿದ್ದ ಅಮ್ಮನಿಗೆ ಅಜ್ಜಿ ಬಿಸಿ ಗಂಜಿ ಕುಡಿಸುತ್ತಿದ್ದಳು. ಬ್ಯಾಂಕಿಗೆ ರಜೆ ಹಾಕಿದ್ದ ಅಪ್ಪ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಎದ್ದರೂ ಮೆಲ್ಲಗೆ, ಕಾಲು ಅಗಲಿಸಿ ನಡೆಯುತ್ತಿದ್ದ.

"ಹೆಂಡ್ತಿ ಆಪರೇಷನ್ ಆಗಿ ಮಲಗ್ಯಾಳ, ನೀ ಒಂದು ಕೊಡ ನೀರ ಎತ್ತಂಗಿಲ್ಲ. ಗಂಡಸೇನೋ ನೀ?" ಎಂದು ಅಜ್ಜಿ ಬೈದಾಗ ನಾನೂ ಅಪ್ಪನನ್ನು ಸಿಟ್ಟಿನಿಂದ ನೋಡಿದ್ದೆ. ಅಪ್ಪ ಪೇಪರ್ ಮಡಚಿದ್ದ. ಅಮ್ಮ ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡಿದ್ದಳು.

"ನಿನ್ನ ತಮ್ಮನ್ನ ಹಡಿಯೂದ್ರಾಗ ನಾ ಉಳಿದದ್ದ ಹೆಚ್ಚು" ಎಂದಳು ಅಮ್ಮ, ಪೋಸ್ಟರಿನತ್ತಲೇ ನೋಡುತ್ತ. "ಇನ್ನ ನಿನಗ ಕತ್ತರಿ ಬ್ಯಾಡ, ನಾ ಮಾಡಿಸ್ಕೋತೀನಿ ಅಂದ್ರು ನಿಮ್ಮಪ್ಪ. ಮಗ ಮಾಡಿಸ್ಕೊಂಡಾನಂತ ನಿಮ್ಮಜ್ಜಿಗೆ ಗೊತ್ತಾದ್ರ ಊಟ ಬಿಡ್ತಿದ್ರು. ಅದಕ್ಕ ನಾ ಮಲಗಿದೆ."

ಮನೆಗೆ ಬಂದರೆ, ಅಪ್ಪ ನೀರಿನ ಕ್ಯಾನ್ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಕ್ಯಾನಿನ ಇನ್ನೊಂದು ಬದಿ ಹಿಡಿದೆ.